ಎಲೆ ಬೇರೆ, ಎಲೆಯ ಸಾರ ಬೇರೆ: ಬೊಜ್ಜು, ಕೊಲೆಸ್ಟ್ರಾಲ್ ಮತ್ತು ಲಿವರ್

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ. ಕೊನೆಯಲ್ಲಿ ಸಭಿಕರ ಕೆಲವು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

"ಯಾವ ಗಿಡ ಅಂತ ಹೇಳಿಬಿಡಿ, ಸಾಕು." ಈ ವಿಷಯದ ಬಗ್ಗೆ ಎಲ್ಲೇ ಮಾತಾಡಲಿ, ಮೊದಲು ಬರುವ ಬೇಡಿಕೆ ಇದು. ನ್ಯಾಯವಾದ ಬೇಡಿಕೆಯೇ. ತೂಕ ಜಾಸ್ತಿಯಾಗಿದೆ. ರಕ್ತ ಪರೀಕ್ಷೆಯಲ್ಲಿ ಕೊಲೆಸ್ಟ್ರಾಲ್ ಮೇಲೆ ಹೋಗಿದೆ. ಸ್ಕ್ಯಾನ್ ಮಾಡಿಸಿದರೆ 'ಫ್ಯಾಟಿ ಲಿವರ್' ಅಂತ ಬರೆದುಕೊಟ್ಟಿದ್ದಾರೆ. ಮಾತ್ರೆ ಅಂದರೆ ಭಯ, ಗಿಡಮೂಲಿಕೆ ಅಂದರೆ ಧೈರ್ಯ. ಗಿಡಗಳ ಹೆಸರು ಹೇಳುತ್ತೇನೆ, ತಪ್ಪಿಸಿಕೊಳ್ಳುವುದಿಲ್ಲ. ಕೆಲವು ನಿಜಕ್ಕೂ ಕೆಲಸ ಮಾಡುತ್ತವೆ. ಕೆಲವು ಮಾಡುವುದಿಲ್ಲ. ಇನ್ನು ಕೆಲವು ಲಿವರ್ ಕಾಯುತ್ತೇವೆ ಅಂತ ಬಂದು ಲಿವರನ್ನೇ ಕೆಡಿಸುತ್ತವೆ. ಯಾವುದು ಯಾಕೆ ಹೀಗೆ ಅಂತ ತಿಳಿಯಬೇಕಾದರೆ ಮೊದಲು ಲಿವರ್ ಒಳಗೆ ಸ್ವಲ್ಪ ಇಣುಕಬೇಕು.

ರಕ್ತದಲ್ಲಿರುವ ಕೊಲೆಸ್ಟ್ರಾಲ್ ಎಲ್ಲ ಊಟದಿಂದಲೇ ಬರುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಬಹುಪಾಲನ್ನು ನಮ್ಮ ದೇಹವೇ ತಯಾರಿಸುತ್ತದೆ. ಜೀವಕೋಶದ ಪೊರೆಗೆ ಅದು ಬೇಕು, ಹಾರ್ಮೋನುಗಳಿಗೆ ಬೇಕು, ಪಿತ್ತರಸಕ್ಕೂ ಬೇಕು. ಹಾಗಾಗಿ ಲಿವರ್ ಅದನ್ನು ಮಾಡುತ್ತಲೇ ಇರುತ್ತದೆ. ಈ ತಯಾರಿಕೆಯ ವೇಗ ನಿರ್ಧಾರವಾಗುವುದು ಎಚ್‌ಎಂಜಿ-ಕೊಎ ರಿಡಕ್ಟೇಸ್ ಎಂಬ ಕಿಣ್ವದ ಹಂತದಲ್ಲಿ. ಕೊಲೆಸ್ಟ್ರಾಲ್ ಇಳಿಸಲು ಡಾಕ್ಟರು ಬರೆದುಕೊಡುವ ಸ್ಟ್ಯಾಟಿನ್ ಮಾತ್ರೆ ತಡೆಯುವುದು ಇದನ್ನೇ. ತಡೆದರೆ ಲಿವರ್ ಕೋಶಕ್ಕೆ ಕೊಲೆಸ್ಟ್ರಾಲ್ ಸಾಲದು. ಆಗ ಅದು ತನ್ನ ಮೈಮೇಲೆ ಎಲ್‌ಡಿಎಲ್ ಗ್ರಾಹಕಗಳನ್ನು, ಅಂದರೆ ಹಿಡಿಯುವ ಕೊಂಡಿಗಳನ್ನು, ಜಾಸ್ತಿ ಮಾಡಿಕೊಂಡು, ರಕ್ತದಲ್ಲಿ ಓಡಾಡುವ ಎಲ್‌ಡಿಎಲ್ ಕಣಗಳನ್ನು, ಅಂದರೆ 'ಕೆಟ್ಟ ಕೊಲೆಸ್ಟ್ರಾಲ್' ಹೊತ್ತ ಕಣಗಳನ್ನು, ಒಳಗೆ ಎಳೆದುಕೊಳ್ಳುತ್ತದೆ. ಈ ಗ್ರಾಹಕವನ್ನು ಕಂಡುಹಿಡಿದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಇದನ್ನು ನೆನಪಿಟ್ಟುಕೊಳ್ಳಿ. ಎಲ್‌ಡಿಎಲ್ ಇಳಿಸುವ ಮಾತ್ರೆಯಾಗಲಿ, ನಾರಾಗಲಿ, ಸಾರವಾಗಲಿ, ಹೆಚ್ಚಿನವು ಯಾವ ದಾರಿಯಿಂದ ಬಂದರೂ ಕೊನೆಗೆ ಸೇರುವುದು ಈ ಗ್ರಾಹಕದ ಹತ್ತಿರವೇ.

ಲಿವರ್‌ನಲ್ಲಿ ಕೂರುವ ಕೊಬ್ಬು ಬೇರೆ ಜಾತಿಯದು. ಅದು ಮುಖ್ಯವಾಗಿ ಟ್ರೈಗ್ಲಿಸರೈಡ್. ಲಿವರ್ ಕೋಶಗಳಲ್ಲಿ ಶೇ. 5ಕ್ಕಿಂತ ಹೆಚ್ಚಿನವುಗಳಲ್ಲಿ ಕೊಬ್ಬಿನ ಹನಿ ಕಂಡರೆ ಅದನ್ನು ಫ್ಯಾಟಿ ಲಿವರ್ ಅನ್ನುತ್ತಾರೆ. ಈ ಕೊಬ್ಬು ಎಲ್ಲಿಂದ ಬರುತ್ತದೆ? 2005ರಲ್ಲಿ ಗುರುತು ಹಾಕಿದ ಅಣುಗಳನ್ನು ಕೊಟ್ಟು ಇದನ್ನು ಅಳೆದರು. ಸುಮಾರು ಶೇ. 59 ರಕ್ತದಲ್ಲಿ ಹರಿದು ಬಂದ ಕೊಬ್ಬಿನಾಮ್ಲಗಳಿಂದ, ಅಂದರೆ ಹೆಚ್ಚಾಗಿ ಮೈಯಲ್ಲಿ ಮೊದಲೇ ಇದ್ದ ಬೊಜ್ಜಿನಿಂದ. ಸುಮಾರು ಶೇ. 26 ಲಿವರ್ ತಾನೇ ಹೊಸದಾಗಿ ತಯಾರಿಸಿದ್ದು. ಊಟದ ಕೊಬ್ಬಿನಿಂದ ನೇರವಾಗಿ ಬಂದದ್ದು ಶೇ. 15 ಮಾತ್ರ. ಬೊಜ್ಜು ಹೆಚ್ಚಿದಾಗ ಇನ್ಸುಲಿನ್ ಮಾತನ್ನು ಕೊಬ್ಬಿನ ಅಂಗಾಂಶ ಸರಿಯಾಗಿ ಕೇಳುವುದಿಲ್ಲ. ಹಗಲು ರಾತ್ರಿ ಕೊಬ್ಬಿನಾಮ್ಲ ಸೋರುತ್ತಲೇ ಇರುತ್ತದೆ. ಅದೆಲ್ಲ ಹೋಗಿ ಸೇರುವುದು ಲಿವರಿಗೆ.

ಹಾಗಾಗಿ ಕೊಲೆಸ್ಟ್ರಾಲ್ ಲೆಕ್ಕ ಬೇರೆ, ಲಿವರ್ ಕೊಬ್ಬಿನ ಲೆಕ್ಕ ಬೇರೆ. ಒಂದನ್ನು ಇಳಿಸಿದ್ದು ಇನ್ನೊಂದನ್ನೂ ಇಳಿಸಬೇಕು ಅಂತೇನಿಲ್ಲ. ಒಂದಕ್ಕೆ ಒಳ್ಳೆಯದಾದದ್ದು ಇನ್ನೊಂದಕ್ಕೆ ಕೆಟ್ಟದ್ದೂ ಆಗಬಹುದು. ಅಂಥ ಒಂದು ಉದಾಹರಣೆ ಮುಂದೆ ಬರುತ್ತದೆ.

ಈಗ ಇಲಿಯ ವಿಷಯ. ಸಸ್ಯಸಾರದ ಬಗ್ಗೆ ಬರುವ 'ಸಂಶೋಧನೆಯಿಂದ ಸಾಬೀತು' ಎಂಬ ಸುದ್ದಿಗಳಲ್ಲಿ ಬಹುಪಾಲಿನ ಹಿಂದೆ ಇರುವುದು ಇಲಿ. ಆ ಪ್ರಯೋಗ ಹೇಗೆ ನಡೆಯುತ್ತದೆ ಅಂತ ಹತ್ತಿರದಿಂದ ನೋಡಿ. ಎಲೆಯನ್ನು ನೆರಳಲ್ಲಿ ಒಣಗಿಸಿ ಪುಡಿ ಮಾಡುತ್ತಾರೆ. ಸಾಕ್ಸ್‌ಲೆಟ್ ಎಂಬ ಗಾಜಿನ ಉಪಕರಣದಲ್ಲಿ ಆ ಪುಡಿ ಇಟ್ಟು, ಕೆಳಗೆ ಎಥನಾಲ್ (ಮದ್ಯಸಾರ) ಕುದಿಸುತ್ತಾರೆ. ಆವಿ ಮೇಲೆ ಹೋಗಿ ತಣಿದು ಪುಡಿಯ ಮೇಲೆ ಹನಿಯುತ್ತದೆ, ತುಂಬಿದಾಗ ಕೆಳಗೆ ಇಳಿಯುತ್ತದೆ, ಮತ್ತೆ ಕುದಿಯುತ್ತದೆ. ಗಂಟೆಗಟ್ಟಲೆ ಹೀಗೇ. ಆಮೇಲೆ ಎಥನಾಲ್ ಹಾರಿಸಿದರೆ ತಳದಲ್ಲಿ ಕಪ್ಪು ಹಸಿರಿನ ಅಂಟು ಉಳಿಯುತ್ತದೆ. ಅದೇ ಸಾರ. ಎಲೆಯಲ್ಲಿದ್ದ ಎಲ್ಲವೂ ಅದರಲ್ಲಿ ಇಲ್ಲ, ಎಥನಾಲಿನಲ್ಲಿ ಕರಗಿದ್ದು ಮಾತ್ರ ಇದೆ. ಅದೂ ಹಲವು ಪಟ್ಟು ಗಟ್ಟಿಯಾಗಿ. ಅದೇ ಎಲೆಯನ್ನು ನೀರಿನಲ್ಲಿ ಕುದಿಸಿದ್ದರೆ ಸಿಗುವುದು ಬೇರೆಯೇ ವಸ್ತು. ಹೆಸರು ಮಾತ್ರ ಒಂದೇ.

ಇಲಿಗಳನ್ನು ಗುಂಪು ಮಾಡಿ ಕೊಬ್ಬು ಜಾಸ್ತಿ ಇರುವ ಆಹಾರ ಕೊಡುತ್ತಾರೆ. ಇಲಿಗೆ ಕೊಲೆಸ್ಟ್ರಾಲ್ ಅಷ್ಟು ಸುಲಭಕ್ಕೆ ಏರುವುದಿಲ್ಲ, ಅದಕ್ಕೇ ಕೆಲವರು ಆಹಾರಕ್ಕೆ ಕೊಲೆಸ್ಟ್ರಾಲ್ ಮತ್ತು ಪಿತ್ತಾಮ್ಲವನ್ನೂ (ಲಿವರ್ ಕೊಲೆಸ್ಟ್ರಾಲಿನಿಂದ ಮಾಡುವ, ಪಿತ್ತರಸದಲ್ಲಿರುವ ಆಮ್ಲ) ಬೆರೆಸುತ್ತಾರೆ. ಒಂದು ಗುಂಪಿಗೆ ಸಾರವನ್ನು ನಳಿಕೆಯ ಮೂಲಕ ನೇರ ಹೊಟ್ಟೆಗೆ ಹಾಕುತ್ತಾರೆ. ಕೆಲವು ವಾರಗಳಾದ ಮೇಲೆ ರಕ್ತ ನೋಡುತ್ತಾರೆ, ಲಿವರ್ ತೆಗೆದು ಸ್ಲೈಡ್ ಮಾಡುತ್ತಾರೆ. ಆ ಸ್ಲೈಡಿನಲ್ಲಿ ಕೊಬ್ಬು ಕಾಣುವುದಿಲ್ಲ. ತಯಾರಿಸುವಾಗಲೇ ಕರಗಿ ಹೋಗಿರುತ್ತದೆ. ಅದು ಇದ್ದ ಜಾಗ ಮಾತ್ರ ಗುಲಾಬಿ ಬಣ್ಣದ ನಡುವೆ ಬಿಳಿ ಗುಂಡು ತೂತುಗಳಾಗಿ ಕಾಣುತ್ತದೆ. ಸಾರ ಕುಡಿದ ಇಲಿಯಲ್ಲಿ ತೂತು ಕಡಿಮೆ. ಪ್ರಬಂಧ ಪ್ರಕಟವಾಗುತ್ತದೆ. ಮರುದಿನ ಯಾರೋ ಅದರ ಫೋಟೋ ಫಾರ್ವರ್ಡ್ ಮಾಡುತ್ತಾರೆ.

ಇಲ್ಲಿ ಕೇಳಬೇಕಾದ ಪ್ರಶ್ನೆಗಳು ಬಹಳ ಇವೆ. ಮೊದಲನೆಯದು ಪ್ರಮಾಣ. ಇಲಿಗೆ ಸಾಮಾನ್ಯವಾಗಿ ಕೊಡುವುದು ಕಿಲೋ ತೂಕಕ್ಕೆ 200 ಅಥವಾ 400 ಮಿಲಿಗ್ರಾಂ. ಇಲಿಯ ಪ್ರಮಾಣವನ್ನು ಮನುಷ್ಯರಿಗೆ ಹೊಂದಿಸುವಾಗ 6.2ರಿಂದ ಭಾಗಿಸುವುದು ರೂಢಿ. 400ನ್ನು ಭಾಗಿಸಿದರೆ ಸುಮಾರು 65. ತೂಕ 70 ಕಿಲೋ ಇದ್ದರೆ ದಿನಕ್ಕೆ ನಾಲ್ಕೂವರೆ ಗ್ರಾಂ ಸಾರ ಬೇಕು. ನೂರು ಗ್ರಾಂ ಒಣ ಎಲೆಯಿಂದ ಹತ್ತು ಗ್ರಾಂ ಸಾರ ಸಿಗುತ್ತದೆ ಅಂತಿಟ್ಟುಕೊಂಡರೂ, ದಿನಾ 45 ಗ್ರಾಂ ಒಣ ಎಲೆ. ಹಸಿ ಎಲೆಯಲ್ಲಿ ಲೆಕ್ಕ ಹಾಕಿದರೆ ಬುಟ್ಟಿಗಟ್ಟಲೆ. ಬೆಳಗ್ಗೆ ಎರಡು ಎಲೆ ಅಗಿಯುವವರಿಗೂ ಆ ಪ್ರಬಂಧಕ್ಕೂ ಏನೂ ಸಂಬಂಧ ಇಲ್ಲ.

ಎರಡನೆಯದು, ಸಾರವನ್ನು ಯಾವಾಗ ಶುರು ಮಾಡಿದರು? ಎಷ್ಟೋ ಪ್ರಯೋಗಗಳಲ್ಲಿ ಕೊಬ್ಬಿನ ಆಹಾರವನ್ನೂ ಸಾರವನ್ನೂ ಒಂದೇ ದಿನ ಶುರು ಮಾಡಿರುತ್ತಾರೆ. ಅದು ಬರದಂತೆ ತಡೆಯುವುದು. ಬಂದದ್ದನ್ನು ಇಳಿಸುವುದಲ್ಲ. ನಮ್ಮ ಹತ್ತಿರ ಬರುವವರಿಗೆಲ್ಲ ಮೊದಲೇ ಬಂದಿರುತ್ತದೆ. ಇನ್ನೊಂದು ವಿಷಯ, ಸಾರ ಹೊಟ್ಟೆ ಕೆಡಿಸಿದರೆ ಇಲಿ ತಿನ್ನುವುದೇ ಕಡಿಮೆಯಾಗುತ್ತದೆ. ತೂಕ ಇಳಿಯುತ್ತದೆ, ಕೊಬ್ಬೂ ಇಳಿಯುತ್ತದೆ. ಆ ಕೀರ್ತಿ ಸಾರಕ್ಕೆ ಹೋಗುತ್ತದೆ! ಅದಕ್ಕೇ ಒಳ್ಳೆಯ ಪ್ರಯೋಗದಲ್ಲಿ ಅಷ್ಟೇ ಕಡಿಮೆ ಆಹಾರ ಕೊಟ್ಟ, ಆದರೆ ಸಾರ ಕೊಡದ ಇನ್ನೊಂದು ಗುಂಪು ಇರುತ್ತದೆ. ಪ್ರಬಂಧ ಓದುವಾಗ ನಾನು ಮೊದಲು ಹುಡುಕುವುದು ಅದನ್ನು. ಹೆಚ್ಚಿನ ಸಲ ಸಿಗುವುದಿಲ್ಲ.

'ಲಿವರ್ ರಕ್ಷಕ' ಎಂಬ ಪಟ್ಟ ಸಿಗುವ ದಾರಿ ಇನ್ನೂ ತಮಾಷೆಯದು. ಇಲಿಗೆ ಕಾರ್ಬನ್ ಟೆಟ್ರಾಕ್ಲೋರೈಡ್ ಕೊಟ್ಟು ಲಿವರ್ ಕೆಡಿಸುತ್ತಾರೆ. ಸಾರ ಮೊದಲೇ ಕೊಟ್ಟಿದ್ದರೆ ಲಿವರ್ ಅಷ್ಟು ಕೆಡುವುದಿಲ್ಲ. ಸರಿ, ರಕ್ಷಣೆ ಸಿಕ್ಕಿತು ಅಲ್ವಾ? ನಿಲ್ಲಿ. ಕಾರ್ಬನ್ ಟೆಟ್ರಾಕ್ಲೋರೈಡ್ ವಿಷವಾಗಿ ಬದಲಾಗುವುದು ಲಿವರ್ ಒಳಗೇ, ಮುಖ್ಯವಾಗಿ ಸೈಟೋಕ್ರೋಮ್ 2ಇ1 ಎಂಬ ಕಿಣ್ವದಿಂದ. ಆ ಕಿಣ್ವವನ್ನು ತಡೆಯುವ ಯಾವ ವಸ್ತು ಕೊಟ್ಟರೂ ಇಲಿ ಉಳಿಯುತ್ತದೆ. ಅಂದರೆ ಸಾರ ಲಿವರನ್ನು ಕಾಯದೇ ಇರಬಹುದು, ವಿಷ ತಯಾರಾಗುವುದನ್ನು ತಡೆದಿರಬಹುದು ಅಷ್ಟೆ. ಬೊಜ್ಜಿನಿಂದ ಬಂದ ಫ್ಯಾಟಿ ಲಿವರ್ ಇರುವವರು ಯಾರೂ ಕಾರ್ಬನ್ ಟೆಟ್ರಾಕ್ಲೋರೈಡ್ ಕುಡಿದಿರುವುದಿಲ್ಲ. ಅವರಿಗೆ ಆ ಫಲಿತಾಂಶದಿಂದ ಏನು ಉಪಯೋಗ?

ಇಲಿ ಇನ್ನೊಂದು ಕಡೆಯಿಂದಲೂ ದಾರಿ ತಪ್ಪಿಸುತ್ತದೆ. ಜಪಾನಿನ ಅಕಿರ ಎಂಡೊ ಮತ್ತು ಸಂಗಡಿಗರು 1970ರ ದಶಕದ ಶುರುವಿನಲ್ಲಿ ಆರು ಸಾವಿರಕ್ಕೂ ಹೆಚ್ಚು ಸೂಕ್ಷ್ಮಜೀವಿಗಳನ್ನು ಜಾಲಾಡಿ, ಪೆನಿಸಿಲಿಯಮ್ ಸಿಟ್ರಿನಮ್ ಎಂಬ ಬೂಷ್ಟಿನಿಂದ ಕಾಂಪ್ಯಾಕ್ಟಿನ್ ಎಂಬ ವಸ್ತು ತೆಗೆದರು. ಜಗತ್ತಿನ ಮೊದಲ ಸ್ಟ್ಯಾಟಿನ್ ಅದು. ಇಲಿಗೆ ಕೊಟ್ಟರೆ ಕೊಲೆಸ್ಟ್ರಾಲ್ ಇಳಿಯಲೇ ಇಲ್ಲ. ಕೆಲಸ ಅಲ್ಲಿಗೇ ನಿಲ್ಲುವುದರಲ್ಲಿತ್ತು. ಮೊಟ್ಟೆ ಇಡುವ ಕೋಳಿಗಳಿಗೆ ಕೊಟ್ಟು ನೋಡಿದರು. ಇಳಿಯಿತು. ನಾಯಿಗಳಲ್ಲೂ ಇಳಿಯಿತು. ಇಲಿಯ ರಕ್ತದಲ್ಲಿ ಕೊಲೆಸ್ಟ್ರಾಲಿನ ಬಹುಪಾಲು 'ಒಳ್ಳೆಯ ಕೊಲೆಸ್ಟ್ರಾಲ್' ಅನ್ನುವ ಎಚ್‌ಡಿಎಲ್‌ನಲ್ಲಿರುತ್ತದೆ, ನಮ್ಮಲ್ಲಿ ಎಲ್‌ಡಿಎಲ್‌ನಲ್ಲಿ. ಎರಡೂ ಒಂದೇ ಅಲ್ಲ. ಇಲಿಯ ಮಾತನ್ನೇ ಕೊನೆಯ ಮಾತು ಅಂದುಕೊಂಡಿದ್ದರೆ ಸ್ಟ್ಯಾಟಿನ್ ಅಂದೇ ಕಸದ ಬುಟ್ಟಿಗೆ ಹೋಗುತ್ತಿತ್ತು.

ಇನ್ನು ಗುಗ್ಗುಳ. ಸಸ್ಯಸಾರಗಳಲ್ಲಿ ನನಗೆ ತುಂಬಾ ಇಷ್ಟವಾದ ಕಥೆ ಇದು. ಕಾಮಿಫೋರ ಎಂಬ ಮುಳ್ಳು ಪೊದೆಯ ಅಂಟು. ಸುಶ್ರುತ ಸಂಹಿತೆಯಲ್ಲಿ ಮೇದೋರೋಗದ, ಅಂದರೆ ಬೊಜ್ಜಿನ ಕಾಯಿಲೆಯ, ವಿವರಣೆ ಓದಿದ ಜಿ.ವಿ. ಸತ್ಯವತಿ ಅವರು ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಮೊಲಗಳ ಮೇಲೆ ಇದನ್ನು ಪರೀಕ್ಷಿಸಿದರು. 1966ರ ಅವರ ಪ್ರಬಂಧ ದೊಡ್ಡ ಸಂಚಲನ ಮಾಡಿತು. ಮುಂದೆ ಅಂಟಿನಿಂದ ಶುದ್ಧ ಮಾಡಿದ ಸಾರ, ಗುಗ್ಗುಲಿಪಿಡ್, 1980ರ ದಶಕದಲ್ಲಿ ಭಾರತದಲ್ಲಿ ಕೊಲೆಸ್ಟ್ರಾಲ್ ಔಷಧವಾಗಿ ಒಪ್ಪಿಗೆ ಪಡೆಯಿತು. ಇಲ್ಲಿನ ಪ್ರಯೋಗಗಳಲ್ಲಿ ಕೊಲೆಸ್ಟ್ರಾಲ್ ಇಳಿದಿತ್ತು. 2002ರಲ್ಲಿ ಅದು ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೂ ಸುಂದರವಾದ ವಿವರಣೆ ಸಿಕ್ಕಿತು. ಲಿವರಿನಲ್ಲಿ ಎಫ್‌ಎಕ್ಸ್‌ಆರ್ ಎಂಬ ಗ್ರಾಹಕ ಇದೆ. ಪಿತ್ತಾಮ್ಲ ಜಾಸ್ತಿಯಾದರೆ 'ಸಾಕು, ಇನ್ನು ಮಾಡಬೇಡ' ಅನ್ನುವುದು ಅದರ ಕೆಲಸ. ಗುಗ್ಗುಳದ ಗುಗ್ಗುಲ್‌ಸ್ಟೆರೋನ್ ಆ ಬಾಯಿ ಮುಚ್ಚಿಸುತ್ತದೆ. ಆಗ ಲಿವರ್ ಕೊಲೆಸ್ಟ್ರಾಲನ್ನು ಪಿತ್ತಾಮ್ಲವಾಗಿ ಮಾಡುತ್ತಲೇ ಹೋಗುತ್ತದೆ. ಎಷ್ಟು ಚಂದ!

ಮರುವರ್ಷವೇ, 2003ರಲ್ಲಿ, ಅಮೆರಿಕದಲ್ಲಿ 103 ಜನರ ಮೇಲೆ ಎಂಟು ವಾರಗಳ ಪ್ರಯೋಗದ ಫಲಿತಾಂಶ ಬಂತು. ಯಾರಿಗೆ ಗುಗ್ಗುಳ, ಯಾರಿಗೆ ಔಷಧವೇ ಇಲ್ಲದ ಖಾಲಿ ಮಾತ್ರೆ ಅಂತ ಕೊಟ್ಟವರಿಗೂ ಗೊತ್ತಿಲ್ಲ, ತೆಗೆದುಕೊಂಡವರಿಗೂ ಗೊತ್ತಿಲ್ಲ. ಖಾಲಿ ಮಾತ್ರೆಯವರಲ್ಲಿ ಎಲ್‌ಡಿಎಲ್ ಶೇ. 5ರಷ್ಟು ಇಳಿಯಿತು. ಗುಗ್ಗುಳದವರಲ್ಲಿ ಶೇ. 4ರಿಂದ 5ರಷ್ಟು ಏರಿತು! ಕೆಲವರಿಗೆ ಮೈಮೇಲೆ ದದ್ದು ಬೇರೆ. ಊಟದ ರೀತಿ ಬೇರೆ, ಜನ ಬೇರೆ ಅಂತ ವಾದ ಮಾಡಬಹುದು, ಮಾಡಿದ್ದಾರೆ ಕೂಡ. ಆದರೆ ಒಂದು ವಿವರಣೆ ಎಷ್ಟು ಸೊಗಸಾಗಿದ್ದರೂ ಮನುಷ್ಯರ ಮೇಲೆ ನಡೆಸಿದ ಪ್ರಯೋಗಕ್ಕೆ ಅದು ಬದಲಿ ಅಲ್ಲ ಅಂತ ಇಷ್ಟು ಖಡಾಖಂಡಿತವಾಗಿ ತೋರಿಸಿದ ಇನ್ನೊಂದು ಉದಾಹರಣೆ ನನಗೆ ಗೊತ್ತಿಲ್ಲ.

ಆಗಲೇ ಹೇಳಿದ ಉದಾಹರಣೆ ಇಲ್ಲೇ ಬರುತ್ತದೆ. ಕೊಲೆಸ್ಟ್ರಾಲಿಗಾಗಿ ಎಫ್‌ಎಕ್ಸ್‌ಆರ್ ಬಾಯಿ ಮುಚ್ಚಿಸಬೇಕು ಅಂತ ಒಂದು ಗುಂಪು ಹೊರಟಿತ್ತಲ್ಲ, ಫ್ಯಾಟಿ ಲಿವರ್‌ಗಾಗಿ ಅದೇ ಎಫ್‌ಎಕ್ಸ್‌ಆರ್ ಅನ್ನು ಜೋರಾಗಿ ಮಾತಾಡಿಸಬೇಕು ಅಂತ ಇನ್ನೊಂದು ಗುಂಪು ಹೊರಟಿತು. ಒಬೆಟಿಕೋಲಿಕ್ ಆಮ್ಲ ಎಂಬ ಔಷಧ ಬಂತು. ಲಿವರ್ ಗಟ್ಟಿಯಾಗುವುದು ಸ್ವಲ್ಪ ತಗ್ಗಿತು, ಆದರೆ ಎಲ್‌ಡಿಎಲ್ ಏರಿತು, ಮೈ ತುರಿಕೆ ಶುರುವಾಯಿತು. 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಫ್ಯಾಟಿ ಲಿವರ್‌ಗೆ ಅದನ್ನು ಒಪ್ಪಲಿಲ್ಲ. 'ಕೊಲೆಸ್ಟ್ರಾಲೂ ಇಳಿಯುತ್ತದೆ, ಲಿವರೂ ಸರಿಹೋಗುತ್ತದೆ' ಅಂತ ಒಂದೇ ಬಾಟಲಿಯ ಮೇಲೆ ಬರೆದದ್ದು ಕಂಡಾಗ ನನಗೆ ಈ ಕಥೆ ನೆನಪಾಗುತ್ತದೆ.

ಸರಿ, ಕೆಲಸ ಮಾಡುವ ಗಿಡಗಳಿಗೆ ಬರೋಣ. ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಕೊಲೆಸ್ಟ್ರಾಲ್ ವಿಷಯದಲ್ಲಿ ಒಳ್ಳೆಯ ಪುರಾವೆಯೂ ಇದ್ದು ಅಪಾಯವೂ ಕಡಿಮೆ ಇರುವ ಸಸ್ಯವಸ್ತುಗಳು ಹೆಚ್ಚುಕಮ್ಮಿ ರಕ್ತಕ್ಕೆ ಇಳಿಯುವುದೇ ಇಲ್ಲ. ಕರುಳಿನಲ್ಲೇ ಕೆಲಸ ಮುಗಿಸಿ ಹೊರಗೆ ಹೋಗುತ್ತವೆ.

ಇಸಬ್‌ಗೋಲ್ ಹೊಟ್ಟು ಮತ್ತು ಓಟ್ಸ್, ಬಾರ್ಲಿಯ ಬೀಟಾ-ಗ್ಲೂಕಾನ್ ಇಂಥವು. ಇವು ನೀರಿನಲ್ಲಿ ಲೋಳೆಯಾಗುವ ನಾರುಗಳು. ಲಿವರ್ ಕರುಳಿಗೆ ಬಿಡುವ ಪಿತ್ತಾಮ್ಲದಲ್ಲಿ ಸುಮಾರು ಶೇ. 95 ಮತ್ತೆ ಹೀರಿಕೊಂಡು ಲಿವರಿಗೇ ವಾಪಸ್ ಹೋಗುತ್ತದೆ. ಈ ಲೋಳೆ ಅದರಲ್ಲಿ ಒಂದಿಷ್ಟನ್ನು ಹಿಡಿದಿಟ್ಟು ಮಲದ ಜೊತೆ ಹೊರಗೆ ಸಾಗಿಸುತ್ತದೆ. ಕೊರತೆ ತುಂಬಲು ಲಿವರ್ ಕೊಲೆಸ್ಟ್ರಾಲಿನಿಂದ ಹೊಸ ಪಿತ್ತಾಮ್ಲ ಮಾಡಬೇಕು. ಕೊಲೆಸ್ಟ್ರಾಲ್ ಸಾಲದೆ ಗ್ರಾಹಕ ಜಾಸ್ತಿ ಮಾಡುತ್ತದೆ. ನೋಡಿ, ಅದೇ ಗ್ರಾಹಕ. ದಿನಕ್ಕೆ 3 ಗ್ರಾಂ ಬೀಟಾ-ಗ್ಲೂಕಾನ್ ಅಥವಾ 10 ಗ್ರಾಂ ಆಸುಪಾಸು ಇಸಬ್‌ಗೋಲ್ ಎಲ್‌ಡಿಎಲ್ ಅನ್ನು ಶೇ. 5ರಿಂದ 10ರಷ್ಟು ಇಳಿಸುತ್ತದೆ. ಓಟ್ಸ್ ಬಗ್ಗೆ 1997ರಲ್ಲಿ, ಇಸಬ್‌ಗೋಲ್ ಬಗ್ಗೆ 1998ರಲ್ಲಿ ಎಫ್‌ಡಿಎ ಇದನ್ನು ಲೇಬಲ್ ಮೇಲೆ ಹೇಳಿಕೊಳ್ಳಲು ಬಿಟ್ಟಿತು. ನೀರು ಜಾಸ್ತಿ ಕುಡಿಯಬೇಕು, ಬೇರೆ ಮಾತ್ರೆ ನುಂಗುವ ಹೊತ್ತಿಗೇ ಇದನ್ನು ತೆಗೆದುಕೊಳ್ಳಬಾರದು. ಅಷ್ಟೇ ಎಚ್ಚರ.

ಸಸ್ಯ ಸ್ಟೆರಾಲ್‌ಗಳೂ ಇದೇ ಸಾಲಿನವು. ಗಿಡಗಳಿಗೆ ಕೊಲೆಸ್ಟ್ರಾಲ್ ಬದಲು ಇರುವ ವಸ್ತುಗಳಿವು. ರೂಪ ಎಷ್ಟು ಹತ್ತಿರ ಅಂದರೆ, ಕರುಳಿನಲ್ಲಿ ಕೊಲೆಸ್ಟ್ರಾಲ್ ಕೂರಬೇಕಾದ ಸೀಟಿನಲ್ಲಿ ಮೊದಲೇ ಹೋಗಿ ಟವೆಲ್ ಹಾಕಿ ಕೂತುಬಿಡುತ್ತವೆ. ತಪ್ಪಿ ಒಳಗೆ ಬಂದರೂ ಕರುಳಿನ ಕೋಶಗಳು ಅವನ್ನು ವಾಪಸ್ ತಳ್ಳುತ್ತವೆ. ದಿನಕ್ಕೆ 2 ಗ್ರಾಂ ತೆಗೆದುಕೊಂಡರೆ ಎಲ್‌ಡಿಎಲ್ ಶೇ. 8ರಿಂದ 10 ಇಳಿಯುತ್ತದೆ. ಫಿನ್ಲೆಂಡಿನಲ್ಲಿ 1995ರಿಂದಲೇ ಇದೇ ಕುಟುಂಬದ ಸ್ಟಾನಾಲ್ ಬೆರೆಸಿದ ಮಾರ್ಗರೀನ್ ಸಿಗುತ್ತದೆ. ಇದರಿಂದ ಹೃದಯಾಘಾತ ಕಡಿಮೆಯಾಗುತ್ತದೆ ಅಂತ ತೋರಿಸಿದ ಪ್ರಯೋಗ ಮಾತ್ರ ಇಲ್ಲ. ಸಿಟೋಸ್ಟೆರೊಲೀಮಿಯ ಎಂಬ ಅಪರೂಪದ ಆನುವಂಶಿಕ ಕಾಯಿಲೆ ಇರುವವರಿಗೆ ಇದು ಬೇಡವೇ ಬೇಡ. ಅವರಲ್ಲಿ ಆ ವಾಪಸ್ ತಳ್ಳುವ ವ್ಯವಸ್ಥೆಯೇ ಕೆಟ್ಟಿರುತ್ತದೆ.

ಕರುಳು ದಾಟಿ ಒಳಗೆ ಹೋಗುವವುಗಳಲ್ಲಿ ಬರ್ಬರಿನ್ ಗಮನಿಸಬೇಕಾದದ್ದು. ದಾರುಹರಿದ್ರ, ಮರದರಿಶಿನ ಇಂಥ ಗಿಡಗಳ ಹಳದಿ ಬಣ್ಣ ಅದೇ. 2004ರಲ್ಲಿ ಚೀನಾದ ಸಂಶೋಧಕರು ಅದು ಸ್ಟ್ಯಾಟಿನ್‌ಗಿಂತ ಬೇರೆ ದಾರಿಯಲ್ಲಿ ಎಲ್‌ಡಿಎಲ್ ಗ್ರಾಹಕವನ್ನು ಹೆಚ್ಚಿಸುತ್ತದೆ ಅಂತ ತೋರಿಸಿದರು. ಗ್ರಾಹಕ ತಯಾರಿಸುವ ಸಂದೇಶದ ಆರ್‌ಎನ್‌ಎ ಬೇಗ ಒಡೆದು ಹೋಗದಂತೆ ನೋಡಿಕೊಳ್ಳುತ್ತದಂತೆ. ಮೂರು ತಿಂಗಳು ತೆಗೆದುಕೊಂಡ 32 ಜನರಲ್ಲಿ ಎಲ್‌ಡಿಎಲ್ ಶೇ. 25 ಇಳಿದಿತ್ತು. ಚಿಕ್ಕ ಪ್ರಯೋಗ, ಆದರೆ ಆಮೇಲಿನವುಗಳೂ ಅದೇ ದಿಕ್ಕಿನಲ್ಲಿವೆ, ಇಳಿಕೆ ಸಾಮಾನ್ಯವಾಗಿ ಇದಕ್ಕಿಂತ ಕಡಿಮೆ. ಇದು ನಿಜವಾಗಿ ಔಷಧದ ಗುಣ ಇರುವ ವಸ್ತು. ಹಾಗಾಗಿ ಔಷಧದ ತೊಂದರೆಗಳೂ ಇವೆ. ಬೇರೆ ಮಾತ್ರೆಗಳನ್ನು ಒಡೆಯುವ ಲಿವರ್ ಕಿಣ್ವಗಳಿಗೆ ಅಡ್ಡ ಬರುತ್ತದೆ. ಅಂಗ ಕಸಿ ಮಾಡಿಸಿಕೊಂಡವರು ತೆಗೆದುಕೊಳ್ಳುವ ಸೈಕ್ಲೋಸ್ಪೋರಿನ್ ಪ್ರಮಾಣವನ್ನು ರಕ್ತದಲ್ಲಿ ಏರಿಸುತ್ತದೆ. ಗರ್ಭಿಣಿಯರು, ಎಳೆ ಮಕ್ಕಳು ಹತ್ತಿರ ಹೋಗಬಾರದು. ನವಜಾತ ಶಿಶುವಿನಲ್ಲಿ ಕಾಮಾಲೆಯ ಬಿಲಿರುಬಿನ್ ಮಿದುಳಿಗೆ ಇಳಿಯುವ ಭಯ ಇದೆ.

ಬೆಳ್ಳುಳ್ಳಿ ಬಗ್ಗೆ ಎರಡೇ ಮಾತು. ಸ್ಟ್ಯಾನ್‌ಫರ್ಡ್‌ನಲ್ಲಿ 192 ಜನರಿಗೆ ಆರು ತಿಂಗಳು ಹಸಿ ಬೆಳ್ಳುಳ್ಳಿ ಅಥವಾ ಅದರ ಮಾತ್ರೆ ಕೊಟ್ಟು ನೋಡಿದರು. 2007ರಲ್ಲಿ ಬಂದ ಫಲಿತಾಂಶ: ಎಲ್‌ಡಿಎಲ್‌ನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಏನೂ ಇಲ್ಲ.

ಲಿವರ್ ಕಡೆಯ ದೊಡ್ಡ ಹೆಸರು ಸಿಲಿಮರಿನ್. ಮಿಲ್ಕ್ ಥಿಸಲ್ ಎಂಬ ಮುಳ್ಳುಗಿಡದ ಬೀಜದ ಸಾರ. ಯೂರೋಪಿನಲ್ಲಿ ವಿಷ ಅಣಬೆ ತಿಂದವರಿಗೆ ಇದರ ಸಿಲಿಬಿನಿನ್ ಅನ್ನು ರಕ್ತನಾಳಕ್ಕೆ ಕೊಡುತ್ತಾರೆ. ಅದರ ಖ್ಯಾತಿ ಅಲ್ಲಿಂದ ಬಂದದ್ದು. ಫ್ಯಾಟಿ ಲಿವರ್ ಬಗ್ಗೆ ಮಲೇಷ್ಯಾದಲ್ಲಿ 2017ರಲ್ಲಿ ಪ್ರಕಟವಾದ ಪ್ರಯೋಗ ಅಚ್ಚುಕಟ್ಟಾದದ್ದು. 99 ಜನ, 48 ವಾರ, ದಿನಕ್ಕೆ ಮೂರು ಸಲ 700 ಮಿಲಿಗ್ರಾಂ, ಮೊದಲೂ ಕೊನೆಗೂ ಸೂಜಿಯಿಂದ ಲಿವರ್ ಚೂರು ತೆಗೆದು ಪರೀಕ್ಷೆ. ಮೊದಲೇ ಇಟ್ಟುಕೊಂಡ ಮುಖ್ಯ ಗುರಿ ಮುಟ್ಟಲಿಲ್ಲ. ಆದರೆ ಲಿವರ್ ನಾರುಗಟ್ಟುವುದು (ಗಾಯದ ಕಲೆಯಂತೆ ಗಟ್ಟಿಯಾಗುವುದು) ಸಿಲಿಮರಿನ್ ತೆಗೆದುಕೊಂಡವರಲ್ಲಿ ಶೇ. 22.4 ಜನಕ್ಕೆ ತಗ್ಗಿತ್ತು, ಖಾಲಿ ಮಾತ್ರೆಯವರಲ್ಲಿ ಶೇ. 6 ಜನಕ್ಕೆ. ಆಸೆ ಹುಟ್ಟಿಸುವ ಅಂಕಿ, ತೀರ್ಪು ಕೊಡುವಂಥದ್ದಲ್ಲ. ಒಳ್ಳೆಯದು ಏನೆಂದರೆ ಸಿಲಿಮರಿನ್ ಅಪಾಯಕಾರಿ ಅಲ್ಲ. ಎಲ್ಲದರ ಬಗ್ಗೆ ಹೀಗೆ ಹೇಳಲು ಬರುವುದಿಲ್ಲ.

ಗ್ರೀನ್ ಟೀ ನೋಡಿ. ಕುದಿಸಿ ಕುಡಿದರೆ ಏನೂ ಆಗುವುದಿಲ್ಲ. ಅದನ್ನೇ ಎಥನಾಲಿನಲ್ಲಿ ಸಾರ ತೆಗೆದು ತೂಕ ಇಳಿಸುವ ಕ್ಯಾಪ್ಸೂಲ್ ಮಾಡಿದರು. ಲಿವರ್ ಕೆಟ್ಟವರ ವರದಿಗಳು ಬರತೊಡಗಿದವು. 2003ರಲ್ಲಿ ಫ್ರಾನ್ಸ್ ಮತ್ತು ಸ್ಪೇನ್‌ನಲ್ಲಿ ಅಂಥ ಒಂದು ಉತ್ಪನ್ನವನ್ನು ಮಾರುಕಟ್ಟೆಯಿಂದ ತೆಗೆದರು. ಅದರಲ್ಲಿರುವ ಇಜಿಸಿಜಿ ಎಂಬ ವಸ್ತು ಪೂರಕ (ಮಾತ್ರೆ, ಕ್ಯಾಪ್ಸೂಲ್) ರೂಪದಲ್ಲಿ ದಿನಕ್ಕೆ 800 ಮಿಲಿಗ್ರಾಂ ಅಥವಾ ಜಾಸ್ತಿ ಆದರೆ ಲಿವರ್ ಕಿಣ್ವಗಳು ರಕ್ತದಲ್ಲಿ ಏರುತ್ತವೆ (ಲಿವರ್ ಕೆಡುತ್ತಿರುವ ಸೂಚನೆ) ಅಂತ ಯೂರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಹೇಳಿತು. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ರಕ್ತಕ್ಕೆ ಸೇರುವುದು ಇನ್ನೂ ಜಾಸ್ತಿ. ಎಲೆ ಬೇರೆ, ಸಾರ ಬೇರೆ ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಉಪ್ಪಾಗೆಯ ವಿಷಯದಲ್ಲೂ ಹೀಗೇ. ಅದರ ಸಿಪ್ಪೆಯ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಟಿಪಿ-ಸಿಟ್ರೇಟ್ ಲಯೇಸ್ ಎಂಬ ಕಿಣ್ವವನ್ನು ತಡೆಯುತ್ತದೆ. ಕೊಬ್ಬು ಮತ್ತು ಕೊಲೆಸ್ಟ್ರಾಲ್ ಎರಡರ ಕಚ್ಚಾ ಮಾಲೂ ಬರುವುದು ಆ ಕಿಣ್ವದಿಂದ. ಅಂದಮೇಲೆ ತೂಕ ಇಳಿಯಲೇಬೇಕಲ್ಲ? 1998ರಲ್ಲಿ 135 ಜನರ ಮೇಲೆ ಹನ್ನೆರಡು ವಾರ ನೋಡಿದರು. ಖಾಲಿ ಮಾತ್ರೆಗಿಂತ ಜಾಸ್ತಿ ಇಳಿಯಲಿಲ್ಲ. ಇದರ ಸಾರ ತೆಗೆದುಕೊಂಡವರಲ್ಲೂ ಲಿವರ್ ಕೆಟ್ಟ ಪ್ರಕರಣಗಳಿವೆ. ಹಾಗಂತ ಆ ಕಿಣ್ವ ತಪ್ಪು ಗುರಿ ಅಲ್ಲ. ಅದನ್ನೇ ಗುರಿ ಮಾಡಿ, ಲಿವರ್ ಒಳಗೆ ಹೋದ ಮೇಲಷ್ಟೇ ಚುರುಕಾಗುವಂತೆ ರೂಪಿಸಿದ ಬೆಂಪೆಡೊಯಿಕ್ ಆಮ್ಲ 2020ರಲ್ಲಿ ಕೊಲೆಸ್ಟ್ರಾಲ್ ಔಷಧವಾಗಿ ಒಪ್ಪಿಗೆ ಪಡೆಯಿತು.

ಅರಿಶಿನದ ಮಾತು ಬಂದರೆ ಜನಕ್ಕೆ ಬೇಜಾರಾಗುತ್ತದೆ, ಗೊತ್ತು. ಅಡುಗೆಗೆ ಹಾಕುವ ಚಿಟಿಕೆಯ ಬಗ್ಗೆ ನಾನು ಮಾತಾಡುತ್ತಿಲ್ಲ. ಕರ್ಕ್ಯುಮಿನ್ ನುಂಗಿದರೆ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಕಾಳುಮೆಣಸಿನ ಪೈಪರಿನ್ ಸೇರಿಸಿದರೆ ಸುಮಾರು 20 ಪಟ್ಟು ಹೆಚ್ಚುತ್ತದೆ ಅಂತ 1998ರಲ್ಲಿ ತೋರಿಸಿದರು. ಅಂದಿನಿಂದ ಕ್ಯಾಪ್ಸೂಲ್‌ಗಳಲ್ಲಿ ಎರಡನ್ನೂ ಬೆರೆಸುವುದು ಫ್ಯಾಷನ್ ಆಯಿತು. 2019ರಲ್ಲಿ ಇಟಲಿಯಲ್ಲಿ ಅರಿಶಿನದ ಪೂರಕ ತೆಗೆದುಕೊಂಡವರಲ್ಲಿ ಹೆಪಟೈಟಿಸ್ ಪ್ರಕರಣಗಳು ಕಂಡವು. ಅಮೆರಿಕದ ಔಷಧಜನ್ಯ ಲಿವರ್ ಹಾನಿಯ ಜಾಲ ಇಂಥ ಹತ್ತು ಜನರ ವಿವರ ಪ್ರಕಟಿಸಿತು. ಹತ್ತರಲ್ಲಿ ಏಳು ಜನರಲ್ಲಿ ಎಚ್‌ಎಲ್‌ಎ-ಬಿ*35:01 ಎಂಬ ಒಂದೇ ಜೀನ್ ರೂಪ ಇತ್ತು. ಗ್ರೀನ್ ಟೀ ಸಾರದಿಂದ ಲಿವರ್ ಕೆಟ್ಟವರಲ್ಲೂ ಅದೇ ಜಾಸ್ತಿ ಕಾಣುತ್ತದೆ. ಆ ಜೀನ್ ಇರುವ ಎಲ್ಲರಿಗೂ ಹೀಗಾಗುವುದಿಲ್ಲ, ಬಹುತೇಕರಿಗೆ ಏನೂ ಆಗುವುದಿಲ್ಲ. ಆದರೆ ತನ್ನಲ್ಲಿ ಅದು ಇದೆಯೋ ಇಲ್ಲವೋ ಅಂತ ಕ್ಯಾಪ್ಸೂಲ್ ನುಂಗುವವರಿಗೆ ಹೇಗೆ ಗೊತ್ತಾಗಬೇಕು?

ಇನ್ನು ಒಂದು ಪ್ರಯೋಗ ಹೇಳಿ ಪ್ರಶ್ನೆಗಳಿಗೆ ಬರುತ್ತೇನೆ. 2022ರಲ್ಲಿ ಅಮೆರಿಕದಲ್ಲಿ ಸುಮಾರು 190 ಜನರಿಗೆ 28 ದಿನ ಒಬ್ಬೊಬ್ಬರಿಗೆ ಒಂದೊಂದು ಕೊಟ್ಟರು. ರೊಸುವಾಸ್ಟಾಟಿನ್ 5 ಮಿಲಿಗ್ರಾಂ, ಖಾಲಿ ಮಾತ್ರೆ, ಮೀನೆಣ್ಣೆ, ಚಕ್ಕೆ, ಬೆಳ್ಳುಳ್ಳಿ, ಅರಿಶಿನ, ಸಸ್ಯ ಸ್ಟೆರಾಲ್, ಕೆಂಪು ಯೀಸ್ಟ್ ಅಕ್ಕಿ. ಸ್ಟ್ಯಾಟಿನ್‌ನವರಲ್ಲಿ ಎಲ್‌ಡಿಎಲ್ ಸುಮಾರು ಶೇ. 38 ಇಳಿಯಿತು. ಉಳಿದ ಯಾವುದೂ ಖಾಲಿ ಮಾತ್ರೆಗಿಂತ ಮುಂದೆ ಹೋಗಲಿಲ್ಲ. ದುಡ್ಡು ಕೊಟ್ಟದ್ದು ಆ ಸ್ಟ್ಯಾಟಿನ್ ತಯಾರಿಸುವ ಕಂಪನಿ, ಅವಧಿಯೂ ಚಿಕ್ಕದು, ಗುಂಪುಗಳೂ ಚಿಕ್ಕವು. ಅದನ್ನೂ ಮುಚ್ಚಿಡಬಾರದು. ಸ್ಟೆರಾಲ್ ಬಗ್ಗೆ ಇದಕ್ಕಿಂತ ಒಳ್ಳೆಯ ಪುರಾವೆ ಬೇರೆ ಕಡೆ ಬೇಕಾದಷ್ಟಿದೆ. ಆದರೂ ಶೇ. 38 ಎಲ್ಲಿ, ಸೊನ್ನೆಯ ಆಸುಪಾಸು ಎಲ್ಲಿ!

ಸಭಿಕರ ಪ್ರಶ್ನೆಗಳು

ಕೆಂಪು ಯೀಸ್ಟ್ ಅಕ್ಕಿ ನೈಸರ್ಗಿಕ, ಸ್ಟ್ಯಾಟಿನ್ ರಾಸಾಯನಿಕ. ಮೊದಲನೆಯದೇ ವಾಸಿ ಅಲ್ವಾ?

ಎರಡೂ ಒಂದೇ. ಆ ಅಕ್ಕಿಯ ಮೇಲೆ ಬೆಳೆಯುವ ಶಿಲೀಂಧ್ರ ಮೊನಾಕೊಲಿನ್ ಕೆ ತಯಾರಿಸುತ್ತದೆ. ಅದು 1987ರಲ್ಲಿ ಮಾತ್ರೆಯಾಗಿ ಬಂದ ಲೊವಾಸ್ಟಾಟಿನ್, ಅಣುವಿಗೆ ಅಣು ಅದೇ. ಮಾತ್ರೆಯಲ್ಲಿ ಎಷ್ಟಿದೆ ಅಂತ ಗೊತ್ತು, ಅಕ್ಕಿಯ ಕ್ಯಾಪ್ಸೂಲಿನಲ್ಲಿ ಗೊತ್ತಿಲ್ಲ. ಕೆಲವದರಲ್ಲಿ ಮೂತ್ರಪಿಂಡಕ್ಕೆ ವಿಷವಾದ ಸಿಟ್ರಿನಿನ್ ಕೂಡ ಇರುತ್ತದೆ. 2022ರಲ್ಲಿ ಯೂರೋಪ್ ದಿನಕ್ಕೆ 3 ಮಿಲಿಗ್ರಾಂ ಮುಟ್ಟುವಷ್ಟು ಮೊನಾಕೊಲಿನ್ ಇರಬಾರದು ಅಂತ ನಿಯಮ ಮಾಡಿತು. 2024ರಲ್ಲಿ ಜಪಾನಿನಲ್ಲಿ ಇಂಥ ಒಂದು ಪೂರಕ ತಿಂದು ನೂರಾರು ಜನ ಆಸ್ಪತ್ರೆ ಸೇರಿದರು. ತಯಾರಿಕೆಯಲ್ಲಿ ಬೇರೊಂದು ಬೂಷ್ಟು ಸೇರಿಕೊಂಡು ಪ್ಯೂಬೆರುಲಿಕ್ ಆಮ್ಲ ಉಂಟಾಗಿತ್ತು.

ಫ್ಯಾಟಿ ಲಿವರ್ ಇರುವವರು ಸ್ಟ್ಯಾಟಿನ್ ತೆಗೆದುಕೊಂಡರೆ ಲಿವರ್ ಇನ್ನೂ ಕೆಡುವುದಿಲ್ಲವೇ?

ಈ ಭಯದಿಂದಲೇ ಎಷ್ಟೋ ಜನ ಮಾತ್ರೆ ಬಿಟ್ಟು ಸಾರ ಹಿಡಿಯುತ್ತಾರೆ. ಸ್ಟ್ಯಾಟಿನ್‌ನಿಂದ ಲಿವರಿಗೆ ಗಂಭೀರ ಹಾನಿ ಬಹಳ ಅಪರೂಪ. ಸುಮ್ನೆ ಪದೇ ಪದೇ ಲಿವರ್ ಕಿಣ್ವ ಪರೀಕ್ಷೆ ಮಾಡಿಸಬೇಕಾಗಿಲ್ಲ ಅಂತ ಎಫ್‌ಡಿಎ 2012ರಲ್ಲೇ ಹೇಳಿತು. ಫ್ಯಾಟಿ ಲಿವರ್ ಇರುವವರಲ್ಲಿ ಸಾವಿಗೆ ಮೊದಲ ಕಾರಣ ಹೃದಯದ ಕಾಯಿಲೆ. ಯಾರಿಗೆ ಸ್ಟ್ಯಾಟಿನ್ ಹೆಚ್ಚು ಬೇಕೋ ಅವರೇ ಅದಕ್ಕೆ ಹೆದರುತ್ತಿದ್ದಾರೆ. ಲಿವರ್ ತೀರಾ ಕೈಕೊಟ್ಟ ಹಂತದಲ್ಲಿದ್ದರೆ ಮಾತ್ರ ಮಾತು ಬೇರೆ.

ಕಾಫಿ ಲಿವರಿಗೆ ಒಳ್ಳೆಯದು ಅಂತಾರಲ್ಲ?

ಕಾಫಿಯೂ ಒಂದು ಸಸ್ಯಸಾರವೇ! ಕಾಫಿ ಕುಡಿಯುವವರಲ್ಲಿ ಲಿವರ್ ಕಾಯಿಲೆ ಕಡಿಮೆ ಅಂತ ಹಲವು ದೇಶಗಳ ಅಧ್ಯಯನಗಳು ಹೇಳುತ್ತವೆ. ಅವೆಲ್ಲ ಕುಡಿಯುವವರನ್ನೂ ಕುಡಿಯದವರನ್ನೂ ಹೋಲಿಸಿ ನೋಡಿದವು, ಪ್ರಯೋಗ ಮಾಡಿದವಲ್ಲ. ಇನ್ನೊಂದು ಕಡೆ, ಪುಡಿ ಹಾಕಿ ಕುದಿಸಿ ಸೋಸದೆ ಕುಡಿದರೆ ಅದರಲ್ಲಿರುವ ಕೆಫೆಸ್ಟಾಲ್ ಎಲ್‌ಡಿಎಲ್ ಏರಿಸುತ್ತದೆ. ಕಾಗದದ ಫಿಲ್ಟರ್ ಅದನ್ನು ಹಿಡಿದುಕೊಳ್ಳುತ್ತದೆ. ಕೊಲೆಸ್ಟ್ರಾಲ್ ಜಾಸ್ತಿ ಇರುವವರು ಕಾಗದದಲ್ಲಿ ಸೋಸಿ ಕುಡಿಯಲಿ, ಸಕ್ಕರೆ ಬಿಡಲಿ.

ಹಾಗಾದರೆ ಲಿವರಿನ ಕೊಬ್ಬು ಇಳಿಸುವುದು ಯಾವುದು?

ತೂಕ ಇಳಿಸುವುದು. ಕ್ಯೂಬಾದಲ್ಲಿ 293 ಜನರನ್ನು ಒಂದು ವರ್ಷ ಹಿಂಬಾಲಿಸಿದರು, 2015ರಲ್ಲಿ ಪ್ರಕಟವಾಯಿತು. ಶೇ. 10 ಅಥವಾ ಹೆಚ್ಚು ತೂಕ ಇಳಿಸಿಕೊಂಡವರಲ್ಲಿ ಶೇ. 90 ಜನಕ್ಕೆ ಲಿವರಿನ ಉರಿಯೂತ ಹೋಗಿತ್ತು, ಶೇ. 45 ಜನಕ್ಕೆ ನಾರುಗಟ್ಟುವಿಕೆ ತಗ್ಗಿತ್ತು. ಯಾವ ಸಾರದ ಹತ್ತಿರವೂ ಇಂಥ ಅಂಕಿ ಇಲ್ಲ. ಆದರೆ ಅಷ್ಟು ಇಳಿಸಲು ಎಲ್ಲರಿಗೂ ಆಗುವುದಿಲ್ಲ, ಆ ಅಧ್ಯಯನದಲ್ಲೂ ಹತ್ತರಲ್ಲಿ ಒಬ್ಬರಿಗಷ್ಟೇ ಆಯಿತು. ಈಗ ಔಷಧಗಳೂ ಬಂದಿವೆ. ಉರಿಯೂತ, ನಾರುಗಟ್ಟುವಿಕೆ ಇರುವ ಹಂತಕ್ಕೆ ಎಫ್‌ಡಿಎ 2024ರಲ್ಲಿ ರೆಸ್ಮೆಟಿರೊಮ್, 2025ರಲ್ಲಿ ಸೆಮಾಗ್ಲುಟೈಡ್ ಒಪ್ಪಿತು.

ನಾನು ಈಗಾಗಲೇ ಒಂದು ಗಿಡಮೂಲಿಕೆ ಕ್ಯಾಪ್ಸೂಲ್ ತೆಗೆದುಕೊಳ್ಳುತ್ತಿದ್ದೇನೆ. ನಿಲ್ಲಿಸಬೇಕಾ?

ಹೆಸರು ಗೊತ್ತಿಲ್ಲದೆ ಹೇಗೆ ಹೇಳಲಿ? ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಆ ಡಬ್ಬಿಯನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ. 'ಏನೋ ಒಂದು ಆಯುರ್ವೇದದ್ದು' ಅಂದರೆ ಅವರಿಗೂ ಏನೂ ತಿಳಿಯುವುದಿಲ್ಲ. ಹಿಂದೆ ಲೇಬಲ್ ಮೇಲೆ ಯಾವ ಗಿಡ, ಯಾವ ಭಾಗ, ಎಷ್ಟು ಮಿಲಿಗ್ರಾಂ ಸಾರ ಅಂತ ಬರೆದಿದೆಯಾ ನೋಡಿ. ಐದಾರು ಗಿಡದ ಹೆಸರು ಸೇರಿಸಿ ಪ್ರಮಾಣ ಬರೆಯದೇ ಇದ್ದರೆ ನಾನಂತೂ ಮುಟ್ಟುವುದಿಲ್ಲ. ಈ ನಡುವೆ ವಾಕರಿಕೆ, ವಿಪರೀತ ಸುಸ್ತು, ಮೈ ತುರಿಕೆ, ಚಹಾ ಬಣ್ಣದ ಮೂತ್ರ, ಕಣ್ಣು ಹಳದಿ, ಇವುಗಳಲ್ಲಿ ಏನೇ ಕಂಡರೂ ಅಂದೇ ಕ್ಯಾಪ್ಸೂಲ್ ನಿಲ್ಲಿಸಿ ಲಿವರ್ ಪರೀಕ್ಷೆ ಮಾಡಿಸಿ. ಸರಿಹೋದ ಮೇಲೆ 'ಒಂದು ಸಲ ನೋಡೋಣ' ಅಂತ ಅದನ್ನೇ ಮತ್ತೆ ಶುರು ಮಾಡಬೇಡಿ. ಎರಡನೇ ಸಲ ಲಿವರ್ ಇನ್ನೂ ಬೇಗ, ಇನ್ನೂ ಜೋರಾಗಿ ಕೆಡಬಹುದು.